ಕಾಲು ಮುಂದಾಗಿ ಹುಟ್ಟಿದವಳ ನೋವು

ನಾನು ಹುಟ್ಟೋವಾಗ ತಲೆ ಬದಲು ಕಾಲು ಮೊದಲು ಬಂತಂತೆ. ನಮ್ಮ ಕಡೆ ಇದು ಸಣ್ಣ ವಿಷಯ ಅಲ್ಲ. ಸೊಂಟ ಹಿಡ್ಕೊಂಡವರ ಬೆನ್ನಿಗೆ, ಹೀಗೆ ಹುಟ್ಟಿದವರು ಬೆಳಿಗ್ಗೆ ಬಾಯಿಗೆ ಒಂದು ತುತ್ತೂ ಹಾಕದೆ ಎಡಗಾಲಲ್ಲಿ ಮೂರು ಸಲ ಒದ್ದರೆ ಉಳುಕು ಬಿಟ್ಟು ಹೋಗ್ತದೆ ಅಂತ ನಂಬಿಕೆ. ತವರು ಚಂದಕವಾಡಿಯಲ್ಲಿ ಲಂಗ ಹಾಕೋ ವಯಸ್ಸಿಗೇ ನಾನು ಮೀಸೆ ಹೊತ್ತ ಗಂಡಸರಿಗೆಲ್ಲ ಒದ್ದಿದ್ದೀನಿ. ಒದೆಸಿಕೊಂಡು, ಕೈ ಮುಗಿದು ಹೋಗೋರು. ಮದುವೆಯಾಗಿ ಹಂಗಳಕ್ಕೆ ಬಂದಾಗ ನನಗಿಂತ ಮೊದಲು ನನ್ನ ಕಾಲಿನ ಸುದ್ದಿ ಬಂದಿತ್ತು. ಸೊಸೆ ಕಾಲ್ಗುಣ ಅಂದ್ರೆ ನಮ್ಮ ಹಟ್ಟಿದು ಕಣಮ್ಮಿ, ಅಂತ ಅತ್ತೆ ಕೇರಿ ತುಂಬ ಹೇಳ್ಕೊಂಡು ಬಂದಿದ್ರು.

ಅದು ಐವತ್ತರ ದಶಕ. ಮೊದಲ ಮಗು ಹೆಜ್ಜೆ ಇಡೋ ಹೊತ್ತಿಗೆ ನನ್ನ ಮೈ ನೋಯೋಕೆ ಶುರುವಾಯ್ತು. ಈಗ ಮೊಮ್ಮಗಳು ಅದಕ್ಕೆ ಫೈಬ್ರೊಮಯಾಲ್ಜಿಯಾ ಅಂತಾಳೆ. ಆಗ ಅದಕ್ಕೆ ಹೆಸರೇ ಇರಲಿಲ್ಲ, ಹೆಸರಿಲ್ಲದ ನೋವಿಗೆ ಮರ್ಯಾದೆಯೂ ಇರಲಿಲ್ಲ. ಬೆಳಿಗ್ಗೆ ಏಳೋವಾಗ ರಾತ್ರಿಯೆಲ್ಲ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ. ಕತ್ತು, ಭುಜ, ಪಕ್ಕೆ, ಸೊಂಟ. ಬಳೆ ಮಣಿಕಟ್ಟಿಗೆ ತಾಗಿದ್ರೂ ಉರಿ. ಮಗು ಬಂದು ಮೈಮೇಲೆ ಒರಗಿದ್ರೆ ದೂರ ತಳ್ಳಿಬಿಡ್ತಿದ್ದೆ, ಆಮೇಲೆ ಅಳ್ತಿದ್ದೆ. ಊತ ಇಲ್ಲ, ಜ್ವರ ಇಲ್ಲ, ತೋರಿಸೋಕೆ ಒಂದು ಗಾಯ ಇಲ್ಲ. ಎಲ್ಲರೂ ಕೇಳೋದು ಒಂದೇ, ಎಲ್ಲಿ ನೋವು? ಒಂದು ದಿನ ಭುಜ ಮುಟ್ಟಿ ತೋರಿಸ್ತಿದ್ದೆ, ಮಾರನೇ ದಿನ ಮಂಡಿ. ನಿನ್ನ ನೋವೇನು ಬಸ್ಸು ಹತ್ತಿ ಊರೂರು ತಿರುಗ್ತದಾ ಅಂತ ಅತ್ತೆ ಆಡ್ಕೊಳ್ಳೋರು. ಕೆಲಸಗಳ್ಳಿ, ನಾಟಕ ಅನ್ನೋದೂ ಕಿವಿಗೆ ಬೀಳ್ತಿತ್ತು.

ಕೂತ್ರೆ ಏಳಬೇಕು, ಎದ್ರೆ ಕೂರಬೇಕು. ಒಂದು ಕಡೆ ನಿಲ್ಲೋಕೆ ಆಗ್ತಿರಲಿಲ್ಲ. ಗಂಡ ಮಾತು ಕಮ್ಮಿ, ಆದ್ರೆ ಕೇಳಿದ ಕಡೆಗೆಲ್ಲ ಕರ್ಕೊಂಡು ಹೋದ. ಚಾಮರಾಜನಗರದಲ್ಲಿ ಒಬ್ಬ ಡಾಕ್ಟರು ನಾವು ತಗೊಂಡು ಹೋದ ಸೀಸೆಗೇ ಕೆಂಪು ನೀರು ತುಂಬಿಸಿ, ನರದ ವೀಕ್‌ನೆಸ್ಸು, ಹಾಲು ಮೊಟ್ಟೆ ತಿನ್ನಿ ಅಂದ್ರು. ಕುಡಿದೆ, ಬಾಯಿ ಕೆಂಪಾಯ್ತು. ಗುಂಡ್ಲುಪೇಟೆಯಲ್ಲಿ ಘಟ್ಟದ ಆಚೆಯಿಂದ ಬಂದ ಮಲಯಾಳಿ ವೈದ್ಯರೊಬ್ಬರು ಎಣ್ಣೆ ಹಚ್ಚಿ ನೀವಿದ್ರು. ನನ್ನ ಕೂಗಿಗೆ ಹೊರಗೆ ಕಾದಿದ್ದವರು ಎದ್ದು ಹೋದ್ರು. ಲಕ್ಕಿ ಸೊಪ್ಪು ಹಾಕಿದ ನೀರು ಸುರ್ಕೊಂಡೆ, ದಾರ ಕಟ್ಟಿಸ್ಕೊಂಡೆ. ಒಂದೊಂದಕ್ಕೂ ಎಂಟು ದಿನ ಆಸೆ, ಒಂಬತ್ತನೇ ದಿನ ಸಿಟ್ಟು. ನನಗೆ ಬೇಕಿದ್ದಿದ್ದು ಹೆಚ್ಚೇನಲ್ಲ, ಒಂದೇ ಒಂದು ಗಳಿಗೆ ಮೈ ಸುಮ್ಮನಿರಬೇಕಿತ್ತು. ಇಷ್ಟರ ಮಧ್ಯೆ ಬೆಳಿಗ್ಗೆ ಬೆಳಿಗ್ಗೆ ಹಟ್ಟಿ ಬಾಗಿಲ ಮುಂದೆ ಯಾರಾದ್ರೊಬ್ಬರು ಬೋರಲು ಮಲಗಿರೋರು. ಒದೀತಿದ್ದೆ. ಅವರ ಸೊಂಟ ಬಿಡ್ತಿತ್ತು, ನನ್ನ ಹಿಮ್ಮಡಿಯಿಂದ ನೆತ್ತಿಗೆ ನೋವು ಹತ್ತುತ್ತಿತ್ತು. ನನ್ನ ಬೆನ್ನಿಗೆ ಒದೆಯೋರು ಯಾರು? ಸುತ್ತ ಹಳ್ಳಿಯಲ್ಲೆಲ್ಲ ಹಾಗೆ ಹುಟ್ಟಿದವಳು ನಾನೊಬ್ಬಳೇ.

ಒಂದು ದಿನ ಅತ್ತೆ ನಾಟಕ ಅನ್ನೋದು ಬಿಟ್ಟು, ಹತ್ತಿರ ಕೂತು ಕೇಳಿದ್ರು. ‘ಬಂದೋರ್ನ ಯಾರ್ನಾದ್ರೂ ಒದೀದೆ ವಾಪಸ್ ಕಳಿಸಿದ್ದಿಯೇನಮ್ಮಿ? ಹಂಗೆ ಕಳಿಸಿದ್ರೆ ಅವರ ನೋವು ಒದಿಯೋರಿಗೇ ಅಂಟ್ಕತದೆ.’

ಕಳಿಸಿದ್ದೆ. ನಮ್ಮ ತಾಲ್ಲೂಕಿನದೇ ಮದ್ದೂರು ಕಡೆಯ ಒಬ್ಬ ಕೂಲಿ ಹೆಂಗಸು, ಮಟಮಟ ಮಧ್ಯಾಹ್ನ ಬಂದಿದ್ಲು. ಆಗಷ್ಟೇ ಮುದ್ದೆ ಉಂಡು ಕೈ ತೊಳ್ಕೊಂಡಿದ್ದೆ. ಉಂಡ ಮೇಲೆ ಒದೆಯೋ ಹಾಗಿಲ್ಲ, ನಾಳೆ ಬಾ ಅಂದೆ. ಸೊಂಟ ಹಿಡ್ಕೊಂಡೇ ಹೋದ್ಲು, ಮತ್ತೆ ಬರಲಿಲ್ಲ. ಎರಡು ತಿಂಗಳಿಗೆ ನನ್ನ ನೋವು ಶುರುವಾಗಿತ್ತು. ಅಯ್ಯೋ ಶಿವನೇ, ಇಷ್ಟೇನಾ ಅನ್ನಿಸ್ತು. ನಿಜ ಹೇಳ್ತೀನಿ, ನನಗೆ ಖುಷಿಯಾಯ್ತು. ಅವಳನ್ನ ಹುಡುಕಿ ಮೂರು ಒದ್ದು ಬಂದ್ರೆ ಮುಗೀತು.

ಮದ್ದೂರಿಗೆ ಹೋದ್ರೆ ಅವಳಿಲ್ಲ. ಗುಂಡ್ಲುಪೇಟೆ ಹತ್ತಿರ ಅರಿಶಿನ ಬೇಯಿಸೋ ಕಣದಲ್ಲಿ ಕೂಲಿಗಿದ್ದಾಳೆ ಅಂದ್ರು. ಎರಡು ದಿನ ಬಿಟ್ಟು, ಹಸಿದ ಹೊಟ್ಟೆಯಲ್ಲೇ ಮೊದಲ ಬಸ್ಸು ಹತ್ತಿದೆ. ಕುಲುಕಾಟಕ್ಕೆ ಹಲ್ಲು ಕಚ್ಚಿ, ಡ್ರೈವರನ್ನ ಮನಸ್ಸಲ್ಲೇ ಬೈಕೊಂಡು ಹೋದೆ.

ದೊಡ್ಡ ಕೊಪ್ಪರಿಗೆಯಲ್ಲಿ ಅರಿಶಿನದ ಕೊಂಬು ಕುದೀತಿತ್ತು. ಬೆಂದದ್ದನ್ನ ಗುಡ್ಡೆ ಹಾಕಿ ಗೋಣಿತಾಟು ಹೊದಿಸಿದ್ರು. ಅವಳು ಕೈಯೆಲ್ಲ ಹಳದಿ ಮಾಡ್ಕೊಂಡು ಬೆಂಕಿ ಮುಂದೆ ಕೂತಿದ್ಲು. ನನಗಿಂತ ಹತ್ತು ವರ್ಷ ದೊಡ್ಡವಳು. ಅಕ್ಕ, ಬೋರಲು ಮಲಗು, ನಾನು ಒದೀಬೇಕು ಅಂದೆ. ಎಲ್ಲ ಹೇಳಿದೆ. ಅವಳು ನಗೋಕೆ ಶುರು ಮಾಡಿದ್ಲು. ಆ ಸೊಂಟ ಮೂರೇ ದಿನಕ್ಕೆ ತಾನಾಗೇ ಬಿಡ್ತಂತೆ, ಅದಕ್ಕೇ ಬರಲಿಲ್ಲವಂತೆ.

ಅಲ್ಲೇ ನೆಲದ ಮೇಲೆ ಕುಸಿದೆ. ಇದೂ ಹೋಯ್ತಲ್ಲ ಅಂತ ಅಳು ಬಂತು. ಅವಳು ನಗೋದು ನಿಲ್ಲಿಸಿ ಕೇಳಿದ್ಲು. ‘ಬೋ ನೋಯ್ತದಾ ತಾಯಿ?’

ಊಂ ಅಂದೆ. ಎಲ್ಲಿ ಅಂತ ಅವಳು ಕೇಳಲಿಲ್ಲ. ರಟ್ಟೆ ಹಿಡಿದು ಎಬ್ಬಿಸಿ, ಆ ಗೋಣಿತಾಟಿನ ಗುಡ್ಡೆಗೆ ಬೆನ್ನು ಕೊಟ್ಟು ಕೂರಿಸಿ, ಮೇಲೊಂದು ತಾಟು ಹೊದಿಸಿದ್ಲು. ದಿನಾ ಸಾಯಂಕಾಲ ತಾವೆಲ್ಲ ಹೀಗೇ ಕೂರೋದಂತೆ. ಹಬೆ ಮೆಲ್ಲಗೆ ಸೀರೆ ದಾಟಿ ಬೆನ್ನಿಗೆ, ಬೆನ್ನಿಂದ ಭುಜಕ್ಕೆ ಹರೀತು. ಯಾರೂ ಒತ್ತಲಿಲ್ಲ, ನೀವಲಿಲ್ಲ. ಕತ್ತು ಸಡಿಲ ಆಯ್ತು. ಎಷ್ಟೋ ತಿಂಗಳ ಮೇಲೆ ನಾನು ಮಿಸುಕಾಡದೆ ಕೂತಿದ್ದೆ. ಹಾಗೇ ನಿದ್ದೆ ಹೋದೆ. ಬಸ್ಸಿಳಿಯೋ ಹೊತ್ತಿಗೆ ನೋವು ತಿರುಗಿ ಬಂದಿತ್ತು, ಅದು ಬೇರೆ ಮಾತು. ಆದ್ರೆ ಅದನ್ನ ಸುಮ್ಮನೆ ಕೂರಿಸಬಹುದು ಅಂತ ಗೊತ್ತಾಗಿತ್ತು.

ಸೀರೆ ಬೆನ್ನೆಲ್ಲ ಹಳದಿ. ಅವಳನ್ನ ಒದ್ದು ಬಂದೆಯಾ ಅಂತ ಅತ್ತೆ ಕೇಳಿದ್ರು. ಇಲ್ಲ, ಬಿಸಿ ಅರಿಶಿನದ ಗುಡ್ಡೆಗೆ ಒರಗಿ ಕೂತಿದ್ದೆ, ಹಾಯಾಗಿತ್ತು ಅಂದೆ. ಅವರ ಮುಖ ಸಪ್ಪಗಾಯ್ತು.

ಮಾರನೇ ಬೆಳಿಗ್ಗೆ ಹಟ್ಟಿ ಮುಂದೆ ಪಕ್ಕದ ಊರಿನ ಗೌಡ್ರು ಬೋರಲು ಮಲಗಿದ್ರು. ಹೊಸ್ತಿಲಲ್ಲಿ ನಿಂತೆ. ಎಡಗಾಲು ಜೋಮು ಹಿಡಿದಿತ್ತು. ‘ಎದ್ದೋಗಿ ಗೌಡ್ರೇ, ನನ್ನ ಕೈಲಾಗಕಿಲ್ಲ. ಮೂರು ದಿನ ಮಲಗಿ, ತಾನಾಗೇ ಬುಡ್ತದೆ’ ಅಂದುಬಿಟ್ಟೆ. ಅವರು ಗೊಣಗ್ತಾ ಎದ್ದು ಹೋದ್ರು. ಅತ್ತೆ ಹಣೆ ಹಣೆ ಚಚ್ಕೊಂಡ್ರು. ಗೌಡ್ರ ಸೊಂಟನೋವೂ ನಿನಗೇ ಅಂಟ್ಕೋತದೆ, ನೋಡ್ತಿರು ಅಂದ್ರು.

ನನಗೂ ಪುಕುಪುಕು ಇತ್ತು, ಸುಳ್ಳೇಕೆ ಹೇಳಲಿ. ಒಂದು ದಿನ ಕಾದೆ, ಎರಡು ದಿನ ಕಾದೆ. ಬಗ್ಗಿ ನೋಡ್ದೆ, ತಿರುಗಿ ನೋಡ್ದೆ. ಹೊಸದೇನೂ ಬರಲಿಲ್ಲ. ಅದೇ ಕತ್ತು, ಅದೇ ಪಕ್ಕೆ. ನಾಲ್ಕನೇ ದಿನ ಗೌಡ್ರು ನೆಟ್ಟಗೆ ನಡ್ಕೊಂಡು ಸಂತೆಗೆ ಹೋಗಿದ್ದನ್ನ ಅತ್ತೆಯೇ ನೋಡಿ ಬಂದ್ರು. ಬಂದು ನನ್ನ ಮುಂದೆ ಕೂತ್ರು.

ಅಂಟ್ಕೊಳ್ತಾ ಅಂತ ಕೇಳಿದ್ರು. ಇಲ್ಲ ಅಂತ ತಲೆ ಆಡಿಸಿದೆ.

ಅವರು ಮೆಲ್ಲಗೆ, ‘ಹಂಗಾರೆ ಇದು ನಿಂದೇ ನೋವೇನಮ್ಮಿ’ ಅಂದ್ರು.

ಮೊದಲು ನಾಟಕ ಅಂದಿದ್ರು, ಆಮೇಲೆ ಬೇರೆಯವರದು ಅಂದಿದ್ರು. ನಂದೇ ಅತ್ತೆ, ಅಂದೆ. ಅವರು ಎದ್ದು, ಬಾಣಲೆಗೆ ಮರಳು ಸುರಿದು ಒಲೆ ಮೇಲಿಟ್ಟು, ಶಾಖ ಕೊಡೋ ಗಂಟು ಕಟ್ಟೋಕೆ ತಮ್ಮ ಹಳೇ ಸೀರೆ ಹರಿದ್ರು.