ಎಡದಿಂದ ಮೂರನೆಯ ಕಂಬ

ಒಂದು ಕಡೆ ಸುಮ್ಮನೆ ಕೂರುವುದು ನನ್ನ ಜಾಯಮಾನಕ್ಕೆ ಒಗ್ಗಿದ್ದಲ್ಲ. ಕುಳಿತರೂ ಕಾಲು ಅಲ್ಲಾಡುತ್ತಲೇ ಇರುತ್ತದೆ. "ಕಾಲು ಅಲ್ಲಾಡಿಸ್ಬೇಡ ಕಣೇ, ದರಿದ್ರ ಬರುತ್ತೆ" ಎಂದು ಅಮ್ಮ ಮಂಚದಿಂದಲೇ ಗದರುತ್ತಿದ್ದಳು. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಅವಳ ಲೋಕವೆಲ್ಲ ಆ ಮಂಚವೇ ಆಗಿತ್ತು. ಅವಳಿಗೆ ಅಲ್ಲಾಡಲಾಗುತ್ತಿರಲಿಲ್ಲ, ನನಗೆ ಅಲ್ಲಾಡದೆ ಇರಲಾಗುತ್ತಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ರಾಜಾಜಿನಗರದಲ್ಲಿ ಫ್ಯಾನ್ ತಯಾರಿಸುವ ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ ನನಗೆ ಕೆಲಸ. ಅಪ್ಪನೂ ಅದೇ ಕಾರ್ಖಾನೆಯ ಪ್ಲೇಟಿಂಗ್ ಸೆಕ್ಷನ್ನಿನಲ್ಲಿದ್ದರು, ಲೋಹದ ಬಿಡಿಭಾಗಗಳನ್ನು ತೊಟ್ಟಿಯಲ್ಲಿ ಅದ್ದಿ ಹೊಳಪು ಬರಿಸುವ ಕಡೆ. ಬಸವೇಶ್ವರನಗರದಲ್ಲಿ ನಮ್ಮದು ಬಾಡಿಗೆ ಪೋರ್ಷನ್. ಪಕ್ಕದ ಪೋರ್ಷನ್ನಿನ ಅಕ್ಕ ಕೂಡ ನಮ್ಮ ಕಾರ್ಖಾನೆಯವಳೇ. ವೈಂಡಿಂಗ್‌ನಲ್ಲಿ ಮೋಟರಿಗೆ ತಂತಿ ಸುತ್ತುವ ಹೆಂಗಸರಲ್ಲಿ ಒಬ್ಬಳು. ಮಧ್ಯಾಹ್ನದ ಸೈರನ್ ಕೂಗಿದ ಕೂಡಲೇ ನಮ್ಮ ಮನೆ ಕಡೆಗೆ ಈ ಇಬ್ಬರೂ ಓಡುತ್ತಿದ್ದರು. ಅಪ್ಪ ಸೈಕಲ್ ತುಳಿದು ಬಂದು ಅಮ್ಮನನ್ನು ಎತ್ತಿ ಕೂರಿಸಿ ಊಟ ಮಾಡಿಸಬೇಕು, ಅಕ್ಕ ಎಳೆಮಗುವಿಗೆ ಹಾಲು ಕುಡಿಸಬೇಕು. ತಡವಾದ ದಿನ ಅಪ್ಪ ಅವಳನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಬಂದಿದ್ದೂ ಉಂಟು. ಅಮ್ಮನನ್ನು ಎತ್ತಿ ಕೂರಿಸುವ ಕೆಲಸವನ್ನು ನನ್ನ ಅವಸರದ ಕೈಗೆ ಬಿಡಲು ಅಪ್ಪ ಒಪ್ಪುತ್ತಿರಲಿಲ್ಲ.

ವಾರಕ್ಕೊಮ್ಮೆ ಚಾರ್ಟ್ ಬರೆಯುವುದು ನನ್ನ ಪಾಲಿನ ಕೆಲಸವಾಗಿತ್ತು. ಐದು ಸೆಕ್ಷನ್, ಐದು ಕಂಬ. ಕೊಟ್ಟ ಗುರಿಯಲ್ಲಿ ಯಾರು ಎಷ್ಟು ಮುಟ್ಟಿದರೋ ಅವರ ಕಂಬ ಅಷ್ಟು ಎತ್ತರ. ಗ್ರಾಫ್ ಹಾಳೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಪ್ರೆಸ್‌ಗೆ ಕೆಂಪು, ಪ್ಲೇಟಿಂಗ್‌ಗೆ ಹಳದಿ, ವೈಂಡಿಂಗ್‌ಗೆ ಹಸಿರು, ಅಸೆಂಬ್ಲಿಗೆ ನೀಲಿ, ಕೊನೆಗೆ ಪ್ಯಾಕಿಂಗ್‌ಗೆ ಕಪ್ಪು. ಸಾಮಾನು ಆ ವರಸೆಯಲ್ಲೇ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತಿದ್ದುದರಿಂದ ಕಂಬಗಳೂ ಅದೇ ವರಸೆಯಲ್ಲಿ ನಿಲ್ಲುತ್ತಿದ್ದವು. ಅವುಗಳ ಕೆಳಗಿನ ಹೆಸರನ್ನು ಓದುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಮೂರನೆಯದು ಅಂದರೆ ವೈಂಡಿಂಗ್, ಅಷ್ಟೇ.

ಆಮೇಲೆ ಕಂಪ್ಯೂಟರ್ ಬಂತು. ಅದಕ್ಕೊಂದು ಎಸಿ ರೂಮು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ನಮ್ಮ ಮನೆಯ ದೇವರಿಗೂ ಅಂಥ ಮಡಿ ಇರಲಿಲ್ಲ. ಅದನ್ನು ತರಿಸಿದವರು ಮ್ಯಾನೇಜರ್. ಅಂಕಿಗಳನ್ನು ಕೊಟ್ಟರೆ ಚಾರ್ಟನ್ನು ತಾನೇ ಬರೆಯುವ ಸಾಫ್ಟ್‌ವೇರ್ ಇದೆ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಓಡಾಡಿದರು. ನನ್ನ ಸ್ಕೆಚ್ ಪೆನ್ನುಗಳು ಡ್ರಾಯರ್ ಸೇರಿದವು. ಸೆಕ್ಷನ್ನುಗಳ ಹೆಸರು, ಅಂಕಿ ಟೈಪ್ ಮಾಡಿದೆ. ಪ್ರಿಂಟರ್ ಕರ್ರೋ ಎಂದು ಕಿರುಚಿಕೊಂಡು ಕಾಗದ ಉಗುಳಿತು. ಬಣ್ಣವಿಲ್ಲ, ಬರೀ ಅಡ್ಡಗೆರೆ ಓರೆಗೆರೆಗಳ ಐದು ಕಂಬ, ಕೆಳಗೆ ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರ. ಸಾಫ್ಟ್‌ವೇರ್ ಹೆಸರುಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಜೋಡಿಸಿಕೊಂಡಿತ್ತು. ಅಸೆಂಬ್ಲಿ ಮೊದಲು, ಪ್ಯಾಕಿಂಗ್ ಎರಡನೆಯದು, ಪ್ಲೇಟಿಂಗ್ ಮೂರು, ಆಮೇಲೆ ಪ್ರೆಸ್, ಕಟ್ಟಕಡೆಗೆ ವೈಂಡಿಂಗ್. ಕಂಬಗಳ ಜಾಗ ಬದಲಾಗಿದೆ ಎಂದು ಮ್ಯಾನೇಜರಿಗೆ ಹೇಳಿದೆ. "ಇರ್ಲಿ ಬಿಡಮ್ಮ, ಹೆಸರು ಇದೆಯಲ್ಲ" ಎಂದರು.

ಕಂಪನಿ ಕೆಂಗೇರಿಯಿಂದಾಚೆ ಹೊಸ ಶೆಡ್ ಕಟ್ಟಿಸಿತ್ತು. ಒಂದು ಸೆಕ್ಷನ್ ಅಲ್ಲಿಗೆ ಹೋಗಲೇಬೇಕು, ಹಿಂದೆ ಬಿದ್ದವರನ್ನೇ ಕಳಿಸುತ್ತಾರೆ ಎಂಬ ಮಾತು ಊಟದ ಡಬ್ಬಿಗಳ ಸುತ್ತ ಓಡಾಡುತ್ತಿತ್ತು. ಆಗ ಕೆಂಗೇರಿ ಅಂದರೆ ಪರವೂರು. ಎರಡು ಬಸ್ಸು ಹಿಡಿಯಬೇಕು, ಮಧ್ಯಾಹ್ನ ಮನೆಗೆ ಬಂದು ಹೋಗುವ ಮಾತು ಕನಸಿನಲ್ಲೂ ಇಲ್ಲ.

ಸೋಮವಾರದ ಮೀಟಿಂಗಿನಲ್ಲಿ ಚಾರ್ಟಿನ ಹೆಚ್ಚಿನ ಪ್ರತಿ ಹಿಡಿದು ಗೋಡೆಗೆ ಒರಗಿ ನಿಂತಿದ್ದೆ. ಮಾಲೀಕರು ಹೊಸ ಚಾರ್ಟನ್ನು ಮೆಚ್ಚುಗೆಯಿಂದ ನೋಡಿದರು. ಮೂರನೆಯ ಕಂಬ ತೀರಾ ಗಿಡ್ಡಕ್ಕಿತ್ತು. ಅದರ ಮೇಲೆ ಬೆರಳಿಟ್ಟು, "ವೈಂಡಿಂಗ್ ಮತ್ತೆ ಮಲಗಿದೆ. ಕೆಂಗೇರಿಗೆ ಇವರೇ ಹೋಗ್ಲಿ" ಎಂದರು. ನಾಲ್ಕು ತಲೆಗಳು ಅಲ್ಲಾಡಿದವು. ಮ್ಯಾನೇಜರ್ ಕೂಡ ವರ್ಷಗಟ್ಟಲೆಯ ರೂಢಿಯಂತೆ ಮೂರನೆಯದನ್ನೇ ನೋಡಿ ಹೂಂಗುಟ್ಟಿದರು. ನನ್ನ ಕೈಯಲ್ಲಿದ್ದ ಪ್ರತಿ ನೋಡಿದೆ. ಅದು ಪ್ಲೇಟಿಂಗ್. ಅದು ಅಪ್ಪನ ಕಂಬ.

ನನ್ನಂಥವಳು ಆ ಕೋಣೆಯಲ್ಲಿ ಕೇಳದೆ ಬಾಯಿ ತೆರೆಯುವ ಹಾಗಿರಲಿಲ್ಲ. ಕೇಳಿದ್ದರೂ ಆ ಗಳಿಗೆಯಲ್ಲಿ ತೆರೆಯುತ್ತಿದ್ದೆನೋ ಇಲ್ಲವೋ.

ಸಂಜೆ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡಿದೆ. ಅಡುಗೆಮನೆಯಿಂದ ಹಿತ್ತಿಲಿಗೆ, ಹಿತ್ತಿಲಿಂದ ಗೇಟಿಗೆ. ತುಂಬಿದ್ದ ಕೊಡದ ನೀರನ್ನೇ ಚೆಲ್ಲಿ ಮತ್ತೆ ತುಂಬಿಸಿದೆ. ಸುದ್ದಿ ಆಗಲೇ ವೈಂಡಿಂಗ್ ಮುಟ್ಟಿತ್ತು. ಗೋಡೆಯಾಚೆ ಅಕ್ಕ ಅಳುತ್ತಿದ್ದಳು. ನಡುನಡುವೆ ಮಗುವೂ ದನಿಗೂಡಿಸುತ್ತಿತ್ತು. ಈಚೆ ಅಪ್ಪ ಅಮ್ಮನ ಬೆನ್ನಿಗೆ ದಿಂಬು ಕೊಟ್ಟು, ಅನ್ನವನ್ನು ಮೆತ್ತಗೆ ಕಲಸಿ ತುತ್ತು ಮಾಡಿಕೊಡುತ್ತಿದ್ದರು.

"ಪಾಪ, ಆ ಹುಡುಗಿ ಮಗೂನ ಏನ್ಮಾಡ್ತಾಳೆ" ಎಂದಳು ಅಮ್ಮ.

"ವೈಂಡಿಂಗ್ ಹೆಂಗಸರು ಅಷ್ಟು ಹಿಂದೆ ಬಿದ್ರು ಅಂದ್ರೆ ನಂಗೆ ನಂಬ್ಕೆ ಆಗಲ್ಲ" ಎಂದರು ಅಪ್ಪ. ಆಮೇಲೆ ನನ್ನ ಕಡೆ ತಿರುಗಿ, "ನೀನ್ಯಾಕೆ ಹಂಗೆ ತಿರುಗ್ತಾ ಇದೀಯ? ಬಾ, ಕೂತ್ಕೋ" ಎಂದರು.

ಕೂರಲಿಲ್ಲ. ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ಓದದ ಮಾಲೀಕರ ಮೇಲೆ, ಹೂಂಗುಟ್ಟಿದ ಮ್ಯಾನೇಜರ ಮೇಲೆ, ಗೋಡೆ ತೂರಿ ಬರುವಷ್ಟು ಜೋರಾಗಿ ಅಳುವ ಅಕ್ಕನ ಮೇಲೂ. ನಾನು ಸುಮ್ಮನಿದ್ದರೆ ನಮ್ಮ ಮನೆ ಉಳಿಯುತ್ತಿತ್ತು. ನಾನು ಮಾಡಬೇಕಾದದ್ದೂ ಏನಿರಲಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ನನ್ನ ಕೈಲಿ ಆಗದ ಕೆಲಸ ಅಂದರೆ ಅದೊಂದೇ.

ಬೆಳಿಗ್ಗೆ ಮ್ಯಾನೇಜರಿಗೆ ಹೇಳಿದೆ. ಅವರ ಮುಖ ಇಳಿಯಿತು.

"ಕಂಪ್ಯೂಟರ್ ತಪ್ಪು ಮಾಡುತ್ತೇನಮ್ಮ?"

"ಅದೇನೂ ಮಾಡಿಲ್ಲ ಸಾರ್. ನೋಡಿದೋರು ಮಾಡಿದ್ದು."

"ಆಯ್ತು, ಮುಂದಿನ ವಾರ ನೋಡೋಣ. ಈಗ ಹೇಳಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

ಮುಂದಿನ ವಾರದೊಳಗೆ ವೈಂಡಿಂಗ್ ಮೆಷಿನ್ನುಗಳು ಲಾರಿ ಹತ್ತಿರುತ್ತಿದ್ದವು. ಡ್ರಾಯರ್ ಎಳೆದು ಸ್ಕೆಚ್ ಪೆನ್ನುಗಳನ್ನು ತೆಗೆದೆ. ಹಸಿರು ಒಣಗಿತ್ತು, ತುದಿಗೆ ಎರಡು ಹನಿ ನೀರು ಬಿಟ್ಟು ಗೀಚಿ ಗೀಚಿ ಎಬ್ಬಿಸಿದೆ. ಹಳೆಯ ವರಸೆಯಲ್ಲಿ ಐದು ಕಂಬ ಎಳೆದೆ. ಹಳದಿ ತುಂಬಿಸುವಾಗ ಕೈ ನಿಧಾನವಾಯಿತು. ಗಿಡ್ಡ ಕಂಬ, ತುಂಬಿಸಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಆದರೂ ಅದನ್ನೇ ಕೊನೆಗೆ ಮುಗಿಸಿದೆ. ಹಾಳೆ ಒಯ್ದು ಮಾಲೀಕರ ಮೇಜಿನ ಮೇಲಿಟ್ಟು, ಕಂಪ್ಯೂಟರಿನ ಕಾಗದವನ್ನು ಪಕ್ಕಕ್ಕಿಟ್ಟು ತೋರಿಸಿದೆ.

ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಅವೆರಡನ್ನೂ ಬಹಳ ಹೊತ್ತು ನೋಡಿದರು. ಸಣ್ಣ ಅಕ್ಷರಗಳನ್ನು ಅವರು ಓದಿದ್ದು ಅದೇ ಮೊದಲಿರಬೇಕು.

"ಹಳದಿ ನಿಮ್ಮ ತಂದೆ ಸೆಕ್ಷನ್ ಅಲ್ವಾ?"

"ಹೌದು ಸಾರ್."

"ಮನೇಲಿ ಹೇಳಿದೀಯಾ?"

"ಇಲ್ಲ ಸಾರ್."

ಅವರು ಹಾಳೆಗಳನ್ನು ಮಡಚಿ ಇಟ್ಟುಕೊಂಡು, ಹೋಗು ಎಂಬಂತೆ ಕೈ ಮಾಡಿದರು. ಅಮ್ಮನ ವಿಷಯ ಹೇಳಬೇಕಿತ್ತೇ ಎಂದು ಬಾಗಿಲ ಬಳಿ ನಿಂತು ಯೋಚಿಸಿದೆ. ಹೇಳದೆಯೇ ಹೊರಗೆ ಬಂದೆ.

ಶಿಫ್ಟ್ ಬಿಡುವ ಹೊತ್ತಿಗೆ, ಕೆಂಗೇರಿಗೆ ಹೋಗಬೇಕಾದವರು ನೀವೇ ಎಂದು ಪ್ಲೇಟಿಂಗ್‌ನವರಿಗೆ ಹೇಳಿದ್ದಾಗಿತ್ತು. ಅಂದು ಅಪ್ಪ ಸೈಕಲ್ ತುಳಿಯದೆ ತಳ್ಳಿಕೊಂಡು ನನ್ನ ಜೊತೆ ನಡೆದು ಬಂದರು. ಚಾರ್ಟ್ ತಿದ್ದಿಸಿದ್ದು ಯಾರು ಎಂದು ಅವರಿಗೆ ಯಾರಾದರೂ ಹೇಳಿದ್ದರೋ ಇಲ್ಲವೋ ಗೊತ್ತಿರಲಿಲ್ಲ. ಕೇಳುವ ಧೈರ್ಯವೂ ನನಗಿರಲಿಲ್ಲ.

ಮನೆಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಅಕ್ಕ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ತಟ್ಟೆಯಲ್ಲಿ ಕೊಬ್ಬರಿ ಮಿಠಾಯಿ.

"ನಮ್ದು ಕ್ಯಾನ್ಸಲ್ ಆಯ್ತು ಕಣೇ. ಎಲ್ಲ ನಿನ್ನಿಂದಲೇ ಅಂತೆ" ಎಂದಳು. ಅಪ್ಪ ಅಲ್ಲೇ ಟವಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. ಈಗ ಹೋಗಬೇಕಾದವರು ಯಾರು ಎಂಬುದು ಅವಳ ಕಿವಿಗೆ ಇನ್ನೂ ಬಿದ್ದಿರಲಿಲ್ಲ. ತಟ್ಟೆಯನ್ನು ನನ್ನ ಕೈಗಿಟ್ಟು, ಮಗುವಿನ ಕೆನ್ನೆ ಹಿಂಡಿ ನಗುತ್ತಾ ಹೋದಳು.

ನಾನು ಆ ಮಿಠಾಯಿ ಮುಟ್ಟಲಿಲ್ಲ. ಅಪ್ಪ ಟವಲನ್ನು ಹೆಗಲಿಗೆ ಹಾಕಿಕೊಂಡು ಒಂದು ತುಂಡು ತಿಂದರು. ನಿಧಾನವಾಗಿ ಅಗಿದರು.

"ಇನ್ನೊಂದು ಕೊಡು. ಇದ್ರಲ್ಲಿ ನನ್ನ ಪಾಲೂ ಇದೆ" ಎಂದರು.

ಕೊಟ್ಟೆ. ಅವರ ಮುಖ ನೋಡಲಾಗದೆ ತಟ್ಟೆಯನ್ನೇ ನೋಡುತ್ತಿದ್ದೆ. ಅವರು ಜೇಬಿನಿಂದ ಸೈಕಲ್ಲಿನ ಬೀಗದ ಕೈ ತೆಗೆದು ಆ ತಟ್ಟೆಯಲ್ಲೇ ಇಟ್ಟರು.

"ಸೋಮವಾರದಿಂದ ನಾನು ಬಸ್ಸು. ಮಧ್ಯಾಹ್ನ ನೀನು ಬಾ. ಅನ್ನ ಮೆತ್ತಗೆ ಕಲಸ್ಬೇಕು. ಎತ್ತುವಾಗ ಎಡಗಡೆಯಿಂದ ಹಿಡ್ಕೋ, ಅವಸರ ಮಾಡ್ಬೇಡ. ಅವಳಿಗೆ ನೋವಾದ್ರೂ ಹೇಳಲ್ಲ."

ಅಷ್ಟು ಹೇಳಿ ಅಂಗಡಿಗೆ ಹೋಗಿ ಬರುತ್ತೇನೆಂದು ಹೊರಟರು. ನಾನು ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು ಅಮ್ಮನ ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತೆ. ಅವಳಿಗೆ ಇನ್ನೂ ಏನೂ ತಿಳಿದಿರಲಿಲ್ಲ. ಕುಳಿತೇ ಇದ್ದೆ. ಎಷ್ಟೋ ಹೊತ್ತಿನ ಮೇಲೆ ಅಮ್ಮ ಕತ್ತು ಹೊರಳಿಸಿ ನನ್ನನ್ನು ನೋಡಿದಳು.

"ಯಾಕೆ ಕಣೇ, ಏನಾಯ್ತು? ಕಾಲು ಅಲ್ಲಾಡಿಸ್ತಾನೇ ಇಲ್ಲ ನೀನು."