ತಾತನ ಸರದಿಯ ಗೊಂಬೆ

ಸಿಂಚನಾ, ತೇಜಸ್, ಪಿತೃಪಕ್ಷದಲ್ಲಿ ಸೂಲಿಬೆಲೆಯ ಮನೆಯಲ್ಲಿ ನಿಮ್ಮ ತಾತನಿಗೆ ಮೊದಲ ಸಲ ಎಡೆ ಇಟ್ಟಾಗ, ಅವರ ಪಂಚೆಯ ಪಕ್ಕ ಹೆಬ್ಬೆರಳುದ್ದದ ಸೈನಿಕನೊಬ್ಬ ನಿಂತಿದ್ದ. ನೀವು ತಾತನ ಜೊತೆ ದಾಳ ಉರುಳಿಸಿ ಕಥೆ ಕಟ್ಟುತ್ತಿದ್ದ ಆಟದಲ್ಲಿ ಅದು ಅವರ ಗೊಂಬೆ. ಅದರ ಕಬ್ಬಿಣದ ಟೋಪಿಯನ್ನು ರುಮಾಲು ಅಂದುಕೊಂಡು ಅವರೇ ಬಿಳಿ ಬಣ್ಣ ಬಳಿದಿದ್ದರು. ಆಟದ ಸಾಮಾನು ಎಡೆಗೆ ಬೇಡವೆಂದು ತೆಗೆಯಲು ಹೋದೆ.

“ಇರ್ಲಿ ಬಿಡಜ್ಜಿ. ಈಗ ತಾತಂದೇ ಸರದಿ, ಆಟ ಅಲ್ಲಿಗೇ ನಿಲ್ಸಿದೀವಿ,” ಅಂದೆ ಸಿಂಚನಾ, ನೀನು.

ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ಕೂತೆವು. ತೆರೆದಾಗ ನೀವಿಬ್ಬರೂ ಎಲೆಯ ಕಡೆ ನೋಡಲಿಲ್ಲ, ಗೊಂಬೆಯ ಕಡೆ ನೋಡಿದಿರಿ. ಅದು ಇಟ್ಟಲ್ಲೇ ಇತ್ತು.

ತೇಜಸ್, ನೀನು ಅತ್ತುಬಿಟ್ಟೆ. ನನಗೆ ನಾಲ್ಕು ಜನರೆದುರು ಅಳಲು ಸಂಕೋಚ, ಅದಕ್ಕೇ ಬರೆದಿದ್ದೇನೆ. ಈ ಹಾಳೆಯನ್ನು ಆ ಗೊಂಬೆಯ ಡಬ್ಬಿಯಲ್ಲೇ ಜೋಪಾನವಾಗಿಡಿ.