ನಾನೇ ಸುತ್ತಿದ ತಂತಿ

ವಿಮಾನ ರಿಪೇರಿಯ ಲೈಸೆನ್ಸು ಪಡೆದು ನಾನು ಹುಬ್ಬಳ್ಳಿ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕೆ ಸೇರಿದ ದಿನ ಅಬ್ಬಾ ಕೇಳಿದ ಪ್ರಶ್ನೆ ಒಂದೇ: ‘ವಿಮಾನಕ್ಕೂ ಸ್ಟೇರಿಂಗ್ ಇರತೈತೇನು?’

ಅಬ್ಬಾನದು ಉಣಕಲ್ಲಿನಲ್ಲಿ ಧಾರವಾಡ ರಸ್ತೆಗೆ ಹತ್ತಿಕೊಂಡಿದ್ದ ಗ್ಯಾರೇಜು. ಲಾರಿಯ ಬೇರೆ ಯಾವ ರಿಪೇರಿಗೂ ಅವರು ಕೈ ಹಾಕುತ್ತಿರಲಿಲ್ಲ, ಸ್ಟೇರಿಂಗ್ ಮಾತ್ರ. ಮನೆಯಲ್ಲಿ ನಾವು ಆಡುವುದು ಉರ್ದು. ಆದರೆ ಗಾಡಿಯ ಮಾತು ಬಂತೆಂದರೆ ಅಬ್ಬಾ ತಾವಾಗಿ ಕನ್ನಡಕ್ಕೆ ಹೊರಳುತ್ತಿದ್ದರು. ಗ್ಯಾರೇಜಿಗೆ ಬರುವವರ ಜೊತೆ ಜೀವಮಾನವಿಡೀ ಆಡಿದ ಭಾಷೆ ಅದು.

‘ಇರತೈತಿ. ನೆಲದ ಮ್ಯಾಲೆ ಇರೂತನಕ ಅದೂ ಒಂದು ಗಾಡೀನ’ ಅಂದೆ. ಮೂಗಿನ ಕೆಳಗಿರುವ ಎರಡು ಸಣ್ಣ ಗಾಲಿಗಳನ್ನು ಪೈಲಟ್ ತನ್ನ ಎಡಗೈ ಪಕ್ಕದ ಹಿಡಿಕೆಯಿಂದ ತಿರುಗಿಸುತ್ತಾನೆ, ಎಣ್ಣೆಯ ಒತ್ತಡ ಗಾಲಿಗಳನ್ನು ಹೊರಳಿಸುತ್ತದೆ ಎಂದು ವಿವರಿಸಿದೆ. ಅವರು ಚಹಾ ಮುಗಿಸಿ, ‘ಹಂಗಾದ್ರ ಅಲ್ಲೂ ಬುಶ್ ಸವೀತಾವು’ ಎಂದು ಎದ್ದು ಹೋದರು.

ನನಗೆ ಕೆಲಸ ಕಲಿಸಿದವರು ನಮ್ಮ ಹಿರಿಯ ಇಂಜಿನಿಯರು. ಕೆಲಗೇರಿಯ ಒಕ್ಕಲುತನದ ಮನೆಯವರು. ವಾಯುಸೇನೆಯಲ್ಲಿ ದುಡಿದು, ಆಮೇಲೆ ನಮ್ಮ ಕಂಪನಿಗೆ ಬಂದವರು. ಹಣೆಗೆ ವಿಭೂತಿ ಹಚ್ಚಿಕೊಂಡೇ ಡ್ಯೂಟಿಗೆ ಹಾಜರಾಗುತ್ತಿದ್ದರು. ಹೆಣ್ಣುಮಗಳು ಜಾಕ್ ಎತ್ತುತ್ತಾಳೆಯೇ, ಗಾಲಿ ಬಿಚ್ಚುತ್ತಾಳೆಯೇ ಎಂದು ಉಳಿದವರು ಬದಿಗೆ ನಿಂತು ನೋಡುತ್ತಿದ್ದ ದಿನಗಳಲ್ಲಿ ಅವರು ಒಂದು ಮಾತೂ ಆಡದೆ ನನ್ನ ಕೈಗೆ ಸ್ಪ್ಯಾನರ್ ಕೊಟ್ಟು ಪಕ್ಕದಲ್ಲಿ ಕೂತರು. ಕೆಲಸ ಮುಗಿದ ಮೇಲೆ ಹತಾರುಗಳನ್ನು ಎಣಿಸದೆ ವಿಮಾನ ಬಿಡುವವರಲ್ಲ. ಒಮ್ಮೆ ಒಂದು ಸ್ಕ್ರೂಡ್ರೈವರ್ ಕಡಿಮೆ ಬಿತ್ತು. ಮಂದಿ ಹತ್ತಿ ಕೂತಿದ್ದ ವಿಮಾನವನ್ನು ಅರ್ಧ ತಾಸು ನಿಲ್ಲಿಸಿದರು. ಕಡೆಗೆ ಅದು ಸಿಕ್ಕಿದ್ದು ನನ್ನ ಜೇಬಿನಲ್ಲೇ. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ‘ಸಿಕ್ತಲ್ಲ, ತಂಗಿ. ಇನ್ನ ಬಿಡೂಣು’ ಅಂದರು, ಅಷ್ಟೇ.

ನಮ್ಮಲ್ಲಿಗೆ ಬರುವ ರೆಕ್ಕೆಗೆ ಫ್ಯಾನು ಕಟ್ಟಿದಂಥ ಸಣ್ಣ ವಿಮಾನಗಳ ಬಗ್ಗೆ ಒಂದು ಕಡ್ಡಾಯ ತಪಾಸಣೆಯ ಆದೇಶ ಬಂತು. ಅದೇ ಜಾತಿಯ ವಿಮಾನ ಇನ್ನೆಲ್ಲೋ ನೆಲಕ್ಕಿಳಿದ ಮೇಲೆ ಪೈಲಟ್ ತಿರುಗಿಸದಿದ್ದರೂ ಮುಂದಿನ ಗಾಲಿ ಒಂದು ಕಡೆ ಎಳೆದು, ರನ್‌ವೇ ಬಿಟ್ಟು ಹುಲ್ಲಿಗೆ ಇಳಿದಿತ್ತಂತೆ. ಸ್ಟೇರಿಂಗಿನ ಕೀಲಿನೊಳಗೆ ಬಳೆಯಂತೆ ಕೂಡಿಸಿದ ಬುಶ್ ಸವೆದದ್ದು ಕಾರಣ. ಹಾಗಾಗಿ ಇಂತಿಷ್ಟು ಹಾರಾಟಕ್ಕೊಮ್ಮೆ ಮೂಗನ್ನು ಜಾಕಿನ ಮೇಲೆ ಎತ್ತಬೇಕು, ಕೀಲಿನ ಮುಚ್ಚಳ ಬಿಚ್ಚಬೇಕು, ಗೇಜು ಕೂಡಿಸಿ ಗಾಲಿಯನ್ನು ಅತ್ತಿತ್ತ ದೂಡಿ ಕೀಲು ಎಷ್ಟು ಸಡಿಲಾಗಿದೆ ಎಂದು ಅಳೆಯಬೇಕು. ಅಳತೆಯನ್ನು ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕು. ಮಿತಿ ಮೀರಿದ್ದರೆ ಬುಶ್ ಬದಲಿಸುವವರೆಗೆ ವಿಮಾನ ಹಾರುವಂತಿಲ್ಲ.

ಎರಡು ತಾಸು ಹಿಡಿಯುವ ಕೆಲಸ. ಮುಚ್ಚಳದ ಸ್ಕ್ರೂಗಳು ತಾವಾಗಿ ಸಡಿಲಾಗದಂತೆ ಅವುಗಳ ತಲೆಗೆ ಸಣ್ಣ ಉಕ್ಕಿನ ತಂತಿಯನ್ನು ಹೆಣೆದು ಬಿಗಿದಿರುತ್ತಾರೆ. ಮುಚ್ಚಳ ತೆಗೆಯಬೇಕಾದರೆ ಅದನ್ನು ಕತ್ತರಿಸಲೇಬೇಕು. ಮುಚ್ಚಿದ ಮೇಲೆ ಹೊಸ ತಂತಿ ಹೆಣೆಯಬೇಕು. ಒಮ್ಮೆ ಅಂಥ ತಂತಿಯ ತುದಿ ನನ್ನ ಬೆರಳು ಸೀಳಿತ್ತು. ಅಂದಿನಿಂದ ನಾನು ತುದಿಯನ್ನು ಎರಡು ಸಲ ಮಡಚಿ ಒಳಗೆ ಸೇರಿಸುತ್ತೇನೆ. ನಮ್ಮಲ್ಲಿ ಹಾಗೆ ಮಾಡುವವರು ಬೇರೆ ಯಾರೂ ಇರಲಿಲ್ಲ.

ಆ ದಿನ ಮಧ್ಯಾಹ್ನ ಒಂದು ವಿಮಾನ ಬಂತು. ಅದು ಮತ್ತೆ ಹೊರಡುವುದು ಸಂಜೆಗೆ. ನಡುವಿನ ಹೊತ್ತಿನಲ್ಲಿ ಈ ತಪಾಸಣೆ ಮುಗಿಸಬೇಕಿತ್ತು. ಪುಸ್ತಕ ತೆರೆದು ನೋಡಿದೆ. ಹಿಂದಿನ ಸಲ ನಾನು ರಜೆಯಲ್ಲಿದ್ದೆ, ಹಿರಿಯರು ಮಾಡಿದ್ದರು. ಅದಕ್ಕೂ ಹಿಂದಿನದು ನನ್ನದು. ಮೂಗನ್ನು ಎತ್ತಿ, ಟಾರ್ಚು ಹಿಡಿದು ಕೆಳಗೆ ಕೂತೆ. ಮುಚ್ಚಳದ ಮೇಲಿನ ತಂತಿಗೆ ಎಣ್ಣೆ, ಧೂಳು ಕೂಡಿ ಕಪ್ಪಗೆ ಮೆತ್ತಿಕೊಂಡಿತ್ತು. ಬಟ್ಟೆಯಿಂದ ಒರೆಸಿದೆ. ತುದಿ ಎರಡು ಸಲ ಮಡಚಿ ಒಳಗೆ ಸೇರಿತ್ತು.

ಮೊದಲು ನಾನೇ ಏನೋ ತಪ್ಪು ನೋಡಿದ್ದೇನೆ ಅನ್ನಿಸಿತು. ಎದ್ದು ಹೋಗಿ ಪುಸ್ತಕವನ್ನು ಇನ್ನೊಮ್ಮೆ ನೋಡಿದೆ. ಆಗ ಕಣ್ಣಿಗೆ ಬಿದ್ದದ್ದು ಇನ್ನೊಂದು ಸಂಗತಿ. ಹಿರಿಯರು ಬರೆದ ಅಳತೆ ಅದಕ್ಕೂ ಹಿಂದಿನ ಸಲ ನಾನು ಬರೆದ ಅಳತೆಯೇ. ಕೊನೆಯ ಅಂಕಿಯೂ ಅದೇ. ಕೆಳಗೆ ಅವರ ದುಂಡಗಿನ ಸಹಿ.

ತಂತಿ ಕತ್ತರಿಸಿ ಮುಚ್ಚಳ ತೆಗೆದು ಗೇಜು ಕೂಡಿಸಿದೆ. ಮೂರು ಸಲ ಅಳೆದೆ. ಮೂರು ಸಲವೂ ಮಿತಿ ದಾಟಿತ್ತು. ಬಹಳ ಏನಲ್ಲ, ಕೂದಲೆಳೆಯಷ್ಟು. ಆದರೆ ದಾಟಿತ್ತು.

ಹಿರಿಯರು ನಮ್ಮ ಕೋಣೆಯಲ್ಲಿ ಕಾಗದಪತ್ರ ನೋಡುತ್ತಿದ್ದರು. ಕರೆದುಕೊಂಡು ಬಂದು ತೋರಿಸಿದೆ. ಅವರು ಗೇಜಿನ ಹತ್ತಿರ ಮುಖ ಒಯ್ದರು, ಮತ್ತೆ ಹಿಂದೆ ತಂದರು, ಮತ್ತೆ ಒಯ್ದರು.

‘ಎಷ್ಟೈತಿ, ನೀನ ಓದಿಬಿಡು’ ಅಂದರು.

ಓದಿದೆ. ಆಮೇಲೆ ಕತ್ತರಿಸಿದ ತಂತಿಯನ್ನು ಅಂಗೈಯಲ್ಲಿಟ್ಟು ಮುಂದೆ ಚಾಚಿದೆ. ‘ಸರ್, ಈ ತಂತಿ ನಾ ಸುತ್ತಿದ್ದರಿ.’

ಅವರು ಅದನ್ನು ತೆಗೆದುಕೊಳ್ಳಲಿಲ್ಲ. ಹತಾರಿನ ಪೆಟ್ಟಿಗೆಯ ಮೇಲೆ ಕೂತರು. ‘ಮುಚ್ಚಳ ಬಿಚ್ಚಲಿಲ್ಲ. ಗಾಲಿ ಹಿಡದು ಕೈಲೆ ಅಲಗಾಡಿಸಿ ನೋಡ್ದೆ. ಗೇಜಿನ ಮುಳ್ಳು ಕಾಣಾಂಗಿಲ್ಲವಾ ನನಗ. ಮೂರ್ನಾಕು ತಿಂಗಳಾತು’ ಅಂದರು.

‘ನನಗ ಹೇಳಬಾರದಾಗಿತ್ತೇನ್ರಿ?’

‘ನಿವೃತ್ತಿಗೆ ಎಂಟು ತಿಂಗಳ ಐತಿ. ಅಲ್ಲೀತನಕ ಸಾಗಸಿದ್ರಾತು ಅಂದಕೊಂಡೆ.’

ನನ್ನ ತಲೆಯಲ್ಲಿ ಆಗ ಓಡಿದ್ದನ್ನು ಮುಚ್ಚಿಡುವುದಿಲ್ಲ. ಈ ವಿಮಾನದ ಸವಕಳಿ ಸಿಕ್ಕಿದೆ, ನನ್ನ ಸಹಿಯಿಂದ ಇದನ್ನು ನಿಲ್ಲಿಸಬಹುದು. ಕೀಲು ಈಗೀಗ ಸವೆಯಿತು ಎಂದು ಎಲ್ಲರೂ ತಿಳಿಯುತ್ತಾರೆ. ತಂತಿಯನ್ನು ಜೇಬಿಗೆ ಹಾಕಿಕೊಂಡರೆ ಮುಗಿಯಿತು. ನನ್ನ ಕೈಗೆ ಮೊದಲ ಸ್ಪ್ಯಾನರ್ ಕೊಟ್ಟವರು ಮರ್ಯಾದೆಯಿಂದ ಮನೆಗೆ ಹೋಗುತ್ತಾರೆ. ಹಾಗೇ ಮಾಡುತ್ತಿದ್ದೆನೇನೋ. ಅಷ್ಟರಲ್ಲಿ ಬೇರೆ ವಿಮಾನಗಳ ನೆನಪು ಬಂತು.

‘ಇದೊಂದ ವಿಮಾನ ಏನ್ರಿ, ಸರ್?’

ಅವರು ಬಗ್ಗಿದ ತಲೆ ಎತ್ತಲಿಲ್ಲ. ಎರಡು ಬೆರಳು ತೋರಿಸಿದರು. ಇನ್ನೂ ಎರಡು ಇದ್ದವು.

ಒಂದು ಆ ಹೊತ್ತಿನಲ್ಲಿ ಹಾರುತ್ತಿತ್ತು. ಅದು ನಮಗಿಬ್ಬರಿಗೂ ಗೊತ್ತಿತ್ತು. ‘ಸರ್, ನೀವು ಫೋನ್ ಮಾಡ್ತೀರೋ, ನಾ ಮಾಡ್ಲೋ?’ ಎಂದು ಕೇಳಿದೆ. ಅವರು ಎದ್ದರು. ಪ್ಯಾಂಟಿಗೆ ಹತ್ತಿದ ಧೂಳು ಜಾಡಿಸಿಕೊಂಡು, ಕೋಣೆಗೆ ನಡೆದು, ಬೆಂಗಳೂರಿನ ನಮ್ಮ ಮುಖ್ಯ ಕಚೇರಿಗೆ ತಾವೇ ಫೋನ್ ಹಚ್ಚಿದರು. ಎರಡೂ ವಿಮಾನದ ನಂಬರು ಹೇಳಿ, ‘ತಪಾಸಣೆ ಮಾಡದೇ ಸಹಿ ಮಾಡೀನಿ’ ಅಂದರು. ಆ ಕಡೆಯವರಿಗೆ ಕೇಳಿಸಲಿಲ್ಲವೋ, ನಂಬಲಿಲ್ಲವೋ, ಅದೇ ಮಾತನ್ನು ಅವರು ಎರಡು ಸಲ ಹೇಳಬೇಕಾಯಿತು.

ನಮ್ಮ ಸ್ಟೇಷನ್ ಮ್ಯಾನೇಜರಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಪ್ರಯಾಣಿಕರು ನಿಲ್ದಾಣದ ಒಳಗೆ ಬಂದು ಕೂತಿದ್ದರು. ಮ್ಯಾನೇಜರು ಓಡಿ ಬಂದರು. ‘ಮೇಡಂ, ಕೂದಲೆಳಿ ಅಂತೀರಿ, ಒಂದ ಸಲ ಹೋಗಿ ಬರಲಿ, ನಾಳೆ ಬುಶ್ ಹಾಕ್ರಿ’ ಅಂದರು. ಆಗುವುದಿಲ್ಲ ಅಂದೆ. ‘ಆ ಮಂದೀಗೆ ಯಾರು ಹೇಳಬೇಕು?’ ಅಂದರು. ‘ನಾನ ಬರ್ತೀನಿ, ನಡೀರಿ’ ಅಂದೆ. ಎಣ್ಣೆಗೈಯಲ್ಲೇ ಹೋಗಿ, ಸ್ಟೇರಿಂಗಿನ ಕೀಲು ಸವೆದಿದೆ, ಇವತ್ತು ಈ ವಿಮಾನ ಹೋಗುವುದಿಲ್ಲ ಎಂದು ಹೇಳಿದೆ. ಗದ್ದಲವಾಯಿತು. ಒಬ್ಬ ಯಜಮಾನರು, ದೇಶಪಾಂಡೆ ನಗರದ ಬಟ್ಟೆ ವ್ಯಾಪಾರಿಯಂತೆ, ಮರುದಿನ ಮುಂಜಾನೆ ಮಗಳ ಆಪರೇಷನ್ ಇದೆ, ತಾವು ಬೆಂಗಳೂರು ಮುಟ್ಟಲೇಬೇಕು ಎಂದು ನನ್ನ ಹತ್ತಿರ ಬಂದು ನಿಂತರು. ಬೈಯಲಿಲ್ಲ. ‘ಖರೇನ ಕೆಟ್ಟೈತೇನವಾ?’ ಎಂದು ಮಾತ್ರ ಕೇಳಿದರು. ಹೌದೆಂದೆ. ‘ಹಂಗಾದ್ರ ನಾ ಕಾರು ಮಾಡಕೊಂಡು ಹೊಕ್ಕೀನಿ’ ಎಂದು ಬ್ಯಾಗು ಎತ್ತಿಕೊಂಡರು. ಉಳಿದವರಿಗೆ ಕಂಪನಿ ಬಸ್ಸು ಮಾಡಿತು.

ಹಾರುತ್ತಿದ್ದ ವಿಮಾನ ಸುರಕ್ಷಿತವಾಗಿ ಇಳಿಯಿತು ಎಂಬ ಸುದ್ದಿ ಬರುವ ತನಕ ಹಿರಿಯರು ಫೋನಿನ ಪಕ್ಕ ಬಿಟ್ಟು ಏಳಲಿಲ್ಲ. ಅವು ನಿಂತ ಊರುಗಳಲ್ಲಿ ನಮ್ಮ ಕಂಪನಿಯವರು ಎರಡನ್ನೂ ಅಳೆದರು, ಎರಡೂ ಮಿತಿಯ ಒಳಗೇ ಇದ್ದವು. ಅದನ್ನು ಕೇಳಿದ ಮೇಲೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣು ಒರೆಸಿಕೊಂಡರು. ನಾನು ಹೊರಗೆ ಬಂದುಬಿಟ್ಟೆ.

ಮನೆಯಲ್ಲಿ ಅಬ್ಬಾನಿಗೆ ಎಲ್ಲವನ್ನೂ ಹೇಳಿದೆ. ಛಲೋ ಮಾಡಿದಿ ಅನ್ನುತ್ತಾರೆಂದು ಕಾದಿದ್ದೆ. ಅವರು ಅನ್ನಲಿಲ್ಲ. ‘ನಾನೂ ಕೈಲೇ ನೋಡ್ತೀನಿ. ಕೈಗೆ ಗೊತ್ತಾಗತೈತಿ. ಆ ಮನಶ್ಯಾಗ ಒಂದು ದಾರಿ ಬಿಡಬೇಕಾಗಿತ್ತು ನೀನು’ ಅಂದರು. ಇನ್ನೂ ಎರಡು ವಿಮಾನ ಇದ್ದವು ಎಂದು ಮತ್ತೆ ಹೇಳಿದೆ. ‘ಕೇಳಿಸ್ತು’ ಅಂದರು. ಆ ವಾರವೆಲ್ಲ ನಮ್ಮಿಬ್ಬರ ನಡುವೆ ಮಾತು ಕಡಿಮೆಯೇ ಇತ್ತು.

ವಿಚಾರಣೆ ನಡೆಯಿತು. ಹಿರಿಯರು ಏನನ್ನೂ ಅಲ್ಲಗಳೆಯಲಿಲ್ಲ. ಸಹಿ ಮಾಡುವ ಅಧಿಕಾರ ಅಂದೇ ಹೋಯಿತು. ಕಣ್ಣಿನ ಪರೀಕ್ಷೆಯಲ್ಲಿ ಎರಡೂ ಕಣ್ಣಿಗೆ ಪೊರೆ ಬಂದಿರುವುದು ಗೊತ್ತಾಗಿ, ಒಂದಾದ ಮೇಲೊಂದು ಆಪರೇಷನ್ ಆಯಿತು. ಅವರು ಮತ್ತೆ ಕೆಲಸಕ್ಕೆ ಮರಳಲಿಲ್ಲ. ಬೀಳ್ಕೊಡುಗೆಯ ದಿನ ನಾನು ಹೂವಿನ ಹಾರ ಹಿಡಿದು ಹತ್ತಿರ ಹೋದೆ. ಕೊರಳು ಬಾಗಿಸಿ ಹಾಕಿಸಿಕೊಂಡು, ಪಕ್ಕದವರ ಕಡೆ ಹೊರಳಿದರು. ಅಲ್ಲಿದ್ದ ಕೆಲವರು ನನ್ನ ಕಡೆ ನೋಡಿದ ರೀತಿ ಇಂದಿಗೂ ನೆನಪಿದೆ. ಸಾಕಿದವರನ್ನೇ ಕಚ್ಚಿದವಳನ್ನು ನೋಡುವಂತೆ ನೋಡಿದರು.

ಐದಾರು ತಿಂಗಳ ಮೇಲೆ ಅವರ ಫೋನ್ ಬಂತು. ‘ಆದಿತ್ಯವಾರ ಕೆಲಗೇರಿಗೆ ಬಂದು ಹೋಗು’ ಅಂದರು. ಹೆದರುತ್ತಲೇ ಹೋದೆ. ಅವರ ಮನೆಯವರು ರೊಟ್ಟಿ, ಎಣಗಾಯಿ ಬಡಿಸಿದರು. ನಾಲ್ಕು ದಿನದ ಹಿಂದೆ ಕಂಡವರಂತೆ ನನ್ನ ಅಬ್ಬಾ, ಅಮ್ಮಿಯ ಕ್ಷೇಮ ವಿಚಾರಿಸಿದರು. ಊಟವಾದ ಮೇಲೆ ಹಿರಿಯರು ನನ್ನನ್ನು ಕೆರೆಯ ದಂಡೆಗೆ ಕರೆದೊಯ್ದರು. ಈಗ ಅವರಿಗೆ ದೂರದ ಹಕ್ಕಿಯೂ ಕಾಣುತ್ತಿತ್ತು. ಅದನ್ನು ತೋರಿಸಿ ಹೆಸರು ಹೇಳಿದರು. ಆಮೇಲೆ ನಿಂತರು.

‘ಒಂದು ಮಾತು ಉಳದೈತಿ ತಂಗಿ. ಆವತ್ತು ಗಾಲಿ ಅಲಗಾಡಿಸಿದೆ ನೋಡು, ಕೈಗೆ ಸಡಲ ಹತ್ತಿತ್ತು. ಇದು ಮೊದಲಿನಂಗ ಇಲ್ಲ ಅಂತ ಗೊತ್ತಾತು. ಗೊತ್ತಾಗಿನೂ ನಿನ್ನ ಅಳತಿ ಬರದೆ. ಕಣ್ಣು ಕಾಣಲಿಲ್ಲ ಅಂತ ಎಲ್ಲಾರಿಗೂ ಹೇಳೀನಿ. ಇದನ್ನ ಯಾರಿಗೂ ಹೇಳಿಲ್ಲ.’

ನನಗೆ ಸಿಟ್ಟು ಬಂತು. ಅಷ್ಟು ದಿನ ಅವರ ಕಣ್ಣಿನ ಮೇಲೆ ಹಾಕಿ ನಾನು ಸಮಾಧಾನ ಮಾಡಿಕೊಂಡಿದ್ದೆ. ‘ಮಂದಿ ಕೂತು ಹೋದ್ರಲ್ಲರಿ ಅದರಾಗ’ ಅಂದೆ.

‘ಹೌದು’ ಅಂದರು. ‘ದಿನಾ ಲೆಕ್ಕಾ ಹಾಕ್ತೀನಿ, ಎಷ್ಟು ಮಂದಿ ಅಂತ.’

ಬಟ್ಟೆ ಒಗೆಯುತ್ತಿದ್ದ ಹೆಂಗಸರು ಮಾತಾಡುತ್ತಿದ್ದುದು ಕೇಳುತ್ತಿತ್ತು. ನಾನು ಹೇಳಿದೆ: ‘ಇದನ್ನ ಕಂಪನಿಗೆ ಬರದು ಕಳಸ್ರಿ, ಸರ್. ಹೊಸಬರಿಗೆ ಪಾಠ ಹೇಳೂದರಾಗ ಸೇರಸ್ತಾರ. ನನಗ ಹೇಳಿದ್ರ ಏನೂ ಉಪಯೋಗಿಲ್ಲ.’

ಬರೆದರು. ಎರಡು ಪುಟ, ಕೈಬರಹದಲ್ಲಿ. ಕಳಿಸುವ ಮೊದಲು ನನಗೆ ಓದಿಸಿದರು. ತಮ್ಮ ಪರವಾಗಿ ಒಂದು ಸಾಲೂ ಬರೆದುಕೊಂಡಿರಲಿಲ್ಲ. ನಾನು ಅಲ್ಲಲ್ಲಿ ಕಾಗುಣಿತ ತಿದ್ದಿದೆ, ಅಷ್ಟೇ. ಕಂಪನಿ ಅದನ್ನು ಹೆಸರು ತೆಗೆದು ತರಬೇತಿಯಲ್ಲಿ ಓದಿಸುತ್ತದೆ. ಈಗ ಆ ತಪಾಸಣೆಗೆ ಒಬ್ಬರ ಸಹಿ ಸಾಲುವುದಿಲ್ಲ. ಒಬ್ಬರು ಅಳೆಯಬೇಕು, ಇನ್ನೊಬ್ಬರು ಬೇರೆಯಾಗಿ ಅಳೆಯಬೇಕು, ಇಬ್ಬರೂ ತಮ್ಮ ತಮ್ಮ ಅಂಕಿ ಬರೆಯಬೇಕು. ವರ್ಷಕ್ಕೊಮ್ಮೆ ನಮ್ಮೆಲ್ಲರ ಕಣ್ಣಿನ ಪರೀಕ್ಷೆಯೂ ಆಗುತ್ತದೆ.

ಅಬ್ಬಾನಿಗೆ ಆ ಎರಡು ಪುಟವನ್ನು ಓದಿ ಹೇಳಿದೆ. ಅವರಿಗೆ ಕನ್ನಡ ಓದಲು ಬಾರದು. ಪೂರ್ತಿ ಕೇಳಿ, ‘ಆ ಮನಶ್ಯಾನ್ನ ಒಮ್ಮೆ ಮನೀಗೆ ಕರಕೊಂಡು ಬಾ’ ಅಂದರು. ಕರೆದುಕೊಂಡು ಬಂದೆ. ಇಬ್ಬರೂ ಗ್ಯಾರೇಜಿನಲ್ಲಿ ಒಂದು ಲಾರಿಯ ಮುಂದೆ ಕೂತು ಸಂಜೆಯ ತನಕ ಸ್ಟೇರಿಂಗಿನ ಮಾತಾಡಿದರು.